ಹಾರಕ್ಕ ಊರಿಗೆ ಹೊರಟಾಗ

ಅಡುಗೆಮನೆಯ ಮೇಲಿನ ಹಲಗೆ ಒರೆಸುವಾಗ ಹಿಂದಿನ ಮೂಲೆಯಿಂದ ಒಂದು ಚಪ್ಪಟೆ ಡಬ್ಬಿ ಕೈಗೆ ಬಂತು. ಮುಚ್ಚಳ ತುಕ್ಕು ಹಿಡಿದು ಬಿಗಿದಿತ್ತು. ಚಮಚದ ಹಿಡಿಯಿಂದ ಎಬ್ಬಿಸಿದೆ. ಟಪ್ಪೆಂದು ತೆರೆಯಿತು, ಅದರ ಬೆನ್ನಿಗೇ ಒಂದು ವಾಸನೆ. ಉಪ್ಪಿನದು, ನೆಂದ ಹುಲ್ಲಿನದು, ಎಲ್ಲೋ ದೂರದಲ್ಲಿ ಮೀನಿನದು. ಬೀದರ ಜಿಲ್ಲೆಯಲ್ಲಿ ಹುಟ್ಟಿದ ಮೂಗಿಗೆ ಅದರ ಹೆಸರು ಗೊತ್ತಿರಲು ಕಾರಣವೇ ಇಲ್ಲ. ಅದು ಸಮುದ್ರದ ವಾಸನೆ. ಡಬ್ಬಿಯೊಳಗೆ ಕರಿಹಸಿರು ಹಾಳೆಗಳಿದ್ದವು. ಸಮುದ್ರದ ಪಾಚಿ ಒಣಗಿಸಿ ಮಾಡಿದ ತಿನಿಸು. ಅನ್ನಕ್ಕೆ ಸುತ್ತಿಕೊಂಡು ತಿನ್ನಬೇಕೆಂದು ತಂದವಳು ಹೇಳಿದ್ದಳು. ನಮ್ಮವ್ವ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕಾರ್ಬನ್ ಪೇಪರ್ ಅದ. ನಿಮ್ಮಪ್ಪನ ಸಾಲ್ಯಾಗ ಬೇಕಾದಷ್ಟು ಸಿಗ್ತಾವ" ಎಂದು ತೀರ್ಪು ಕೊಟ್ಟು ಮೇಲಿಟ್ಟುಬಿಟ್ಟಿದ್ದಳು. ಹಳ್ಳಿಯ ಹಲಗೆಯಿಂದ ಬೀದರದ ಹಲಗೆಗೆ ಅದು ಯಾವಾಗ ಬಂತೋ ನನಗೆ ತಿಳಿಯದು.

ಒರೆಸುವ ಬಟ್ಟೆ ಕೆಳಗಿಟ್ಟು ಕೂತುಬಿಟ್ಟೆ. ಕೆಲಸ ನಿಲ್ಲಿಸಲು ನೆಪ ಹುಡುಕುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ. ನೀವೂ ಕೂಡ್ರಿ, ಹೇಳುತ್ತೇನೆ.

ಆಗ ನಾವು ಖಟಕ ಚಿಂಚೋಳಿಯಲ್ಲಿದ್ದೆವು. ಅಪ್ಪ ಭಾಲ್ಕಿಯ ಸಾಲಿಯಲ್ಲಿ ಗಣಿತದ ಮಾಸ್ತರ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಾನು ಬೀದರದ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ, ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯುವುದನ್ನು ಓದುತ್ತಿದ್ದೆ. ನಮ್ಮ ಕಾಲೇಜಿಗೂ ಜಪಾನಿನ ಯಾವುದೋ ಕಾಲೇಜಿಗೂ ಒಂದು ಒಪ್ಪಂದವಾಯಿತು. ಅಲ್ಲಿಯ ಹುಡುಗಿಯೊಬ್ಬಳು ಬಂದು ಹಳ್ಳಿಯಲ್ಲಿ ಇದ್ದು ಹಳ್ಳಿ ಬದುಕು ಕಲಿಯುತ್ತಾಳೆ, ಒಳ್ಳೆಯ ಮನೆ ಬೇಕು ಅಂತ ಹುಡುಕಾಟ ನಡೆಯಿತು. ಒಳ್ಳೆಯ ಮನೆ ಅಂದರೆ ಏನೆಂದು ವಿಚಾರಿಸಿದಾಗ ಬಾತ್‌ರೂಮ್ ಇರುವ ಮನೆ ಎಂದು ತಿಳಿಯಿತು. ನಮ್ಮ ಮನೆಗೆ ಟೈಲ್ಸ್ ಹಾಕಿದ ಬಾತ್‌ರೂಮ್ ಇತ್ತು. ಹೀಗೆ ಗೋಡೆಯ ಟೈಲ್ಸಿನಿಂದಾಗಿ ನಾವು ಅಂತರರಾಷ್ಟ್ರೀಯರಾದೆವು. ಬಾತ್‌ರೂಮಿನಲ್ಲಿ ನೀರಿಲ್ಲ ಎಂಬ ಸಣ್ಣ ವಿಷಯವನ್ನು ಅಪ್ಪ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಳೆ ಹೋಗಿ ಅದು ಎರಡನೆಯ ವರ್ಷ. ಬೋರ್ ಗಾಳಿ ಉಗುಳುತ್ತಿತ್ತು. ಟ್ಯಾಂಕರ್ ಬಂದ ದಿನ ಓಣಿಗೆ ಜಾತ್ರೆಯ ಕಳೆ, ಬಾರದ ದಿನ ಸೂತಕದ ಕಳೆ.

ಅವ್ವನ ಉತ್ಸಾಹಕ್ಕೆ ಬೇರೆ ಕಾರಣವಿತ್ತು. ನಾವು ಬೌದ್ಧರು, ಪಡಸಾಲೆಯಲ್ಲಿ ಬುದ್ಧನ ದೊಡ್ಡ ಪಟವಿದೆ. ಬರುವವಳು ಜಪಾನಿನವಳು. "ನಮ್ಮ ಧರ್ಮದಾಕಿ ಬರ್ತಾಳ" ಎಂದು ಅವ್ವ ಬಾವಿಕಟ್ಟೆಯಲ್ಲೆಲ್ಲ ಸಾರಿ ಬಂದಳು. ಹುಡುಗಿ ಬಂದ ಸಂಜೆ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ನಿಮ್ಮಲ್ಲಿ ಹೇಗೆ ಪ್ರಾರ್ಥನೆ ಮಾಡುತ್ತೀರಿ ಕೇಳು ಅಂತ ನನ್ನನ್ನು ತಿವಿದಳು. ನಾನು ನನ್ನ ಬಿ.ಎ. ಇಂಗ್ಲಿಷಿನಲ್ಲಿ ಕೇಳಿದೆ. ಅವಳು ತನ್ನ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಎರಡೂ ಇಂಗ್ಲಿಷುಗಳು ಒಂದನ್ನೊಂದು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಅರ್ಥವಾದದ್ದು ಇಷ್ಟು: ಅವಳ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ ಬುದ್ಧ ನೆನಪಾಗುತ್ತಾನೆ. ನಾನು ಹೆದರಿಕೊಂಡೇ ಅವ್ವನಿಗೆ ಹೇಳಿದೆ. ಅವ್ವ ಸ್ವಲ್ಪ ಯೋಚಿಸಿ, "ಇರ್ಲಿ ಬಿಡು. ನಿಮ್ಮಪ್ಪಗ ವರ್ಷಕ್ಕೊಮ್ಮಿ ಹುಣ್ಣಿವಿಗಿ ನೆನಪಾಗ್ತಾನ. ಈಕಿನೇ ಬೇಶಿ" ಎಂದಳು.

ಹುಡುಗಿಯ ಹೆಸರು ಹಾರುಕಾ. ಆ ಹೆಸರು ಊರಲ್ಲಿ ಒಂದು ದಿನವೂ ಉಳಿಯಲಿಲ್ಲ. ಅದನ್ನು ಮುರಿದು ಕಟ್ಟಿದವಳು ಮಾವಶಿ, ಅಂದರೆ ನಮ್ಮವ್ವನ ತಂಗಿ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು. ಮಾವಶಿ, ಅವಳ ಗಂಡ ಕಾಕಾ ಇಬ್ಬರೂ ಹೊಲದ ಕೂಲಿಗೆ ಹೋಗುವವರು. ಮಕ್ಕಳಿಲ್ಲ, ಮಾತಿಗೆ ಬರವಿಲ್ಲ. "ಹಾರುಕಾ ಅಂದ್ರ ಏನ್ ಹೆಸರವ್ವ? ಹಾರಕ್ಕ ಅನ್ನು. ವಿಮಾನದಾಗ ಹಾರಿ ಬಂದಾಳ, ಮತ್ತ ಹಾರಿ ಹೋಗ್ತಾಳ" ಎಂದಳು ಮಾವಶಿ. ಸಂಜೆಯ ಹೊತ್ತಿಗೆ ಓಣಿಯ ಮುದುಕರೂ ಹಾರಕ್ಕ ಅನ್ನತೊಡಗಿದ್ದರು.

ಹಾರಕ್ಕನಿಗೆ ಕನ್ನಡ ಬೇಗ ಹತ್ತಿತು. ಅವಳ ಭಾಷೆಯಲ್ಲೂ ಕ್ರಿಯಾಪದ ನಮ್ಮ ಹಾಗೆಯೇ ಕೊನೆಗೆ ಬಂದು ಕೂಡುತ್ತದಂತೆ. ದೊಡ್ಡವರೊಡನೆ ಮಾತಾಡುವಾಗ ಬಾಲಕ್ಕೆ ಮರ್ಯಾದೆ ಅಂಟಿಸುವ ರೂಢಿಯೂ ಉಂಟಂತೆ. ಹಾಗಾಗಿ ನಮ್ಮ 'ರಿ' ಕಂಡು ಅವಳಿಗೆ ತವರು ಸಿಕ್ಕಷ್ಟು ಖುಷಿ. ಎಲ್ಲಕ್ಕೂ ಹಚ್ಚಿದಳು. "ನಾಯಿ ಬಂತ್ರಿ." "ಹಾಲು ಉಕ್ಕಿತ್ರಿ." ಆಕಳು ಅಂಗಳಕ್ಕೆ ನುಗ್ಗಿದರೆ ಅದಕ್ಕೇ ಎದುರು ನಿಂತು, "ಹೋಗ್ರಿ, ಹೋಗ್ರಿ" ಅನ್ನುತ್ತಿದ್ದಳು. ಆಕಳು ಅಷ್ಟು ಗೌರವವನ್ನು ಹಿಂದೆಂದೂ ಕಾಣದ್ದರಿಂದ ಅಲ್ಲೇ ನಿಂತುಬಿಡುತ್ತಿತ್ತು.

ರೊಟ್ಟಿ ಕಲಿಸಿದವಳು ಮಾವಶಿಯೇ. ಹಾರಕ್ಕ ಬಡಿದ ಮೊದಲ ರೊಟ್ಟಿ ಹಂಚಿಗೆ ಹೋಗುವಾಗಲೇ ನಾಲ್ಕು ತುಂಡಾಯಿತು. ಅವಳು ತುಂಡುಗಳನ್ನು ಸಾಲಾಗಿ ಜೋಡಿಸಿ, "ಇದು ನಮ್ಮ ದೇಶದ ನಕಾಶಿ ರಿ" ಎಂದಳು. ಜಪಾನು ದ್ವೀಪಗಳ ದೇಶ ಎಂದು ಅಪ್ಪ ವಿವರಿಸುವಷ್ಟರಲ್ಲಿ ಮಾವಶಿ ನಡುವಿನ ದೊಡ್ಡ ದ್ವೀಪಕ್ಕೆ ಶೇಂಗಾ ಹಿಂಡಿ ಹಚ್ಚಿ ತಿಂದಾಗಿತ್ತು.

ಅವರಿಬ್ಬರ ದೋಸ್ತಿ ಗಟ್ಟಿಯಾದದ್ದು ಸ್ನಾನದ ಮಾತಿನಿಂದ. ನಮ್ಮಲ್ಲಿ ಸ್ನಾನಕ್ಕೆ ಒಬ್ಬರಿಗೆ ಒಂದು ಸಣ್ಣ ಬಕೀಟು. ತಮ್ಮ ಊರಲ್ಲಿ ಕುತ್ತಿಗೆ ತನಕ ಬಿಸಿನೀರು ತುಂಬಿದ ತೊಟ್ಟಿಯಲ್ಲಿ ಕೂತು ಸ್ನಾನ ಮಾಡುತ್ತೇವೆ, ಅದೇ ನೀರಿನಲ್ಲಿ ಅಪ್ಪ, ಅವ್ವ, ಮಕ್ಕಳು ಒಬ್ಬರಾದ ಮೇಲೊಬ್ಬರು ಇಳಿಯುತ್ತೇವೆ ಎಂದಳು ಹಾರಕ್ಕ. ಇಳಿಯುವ ಮೊದಲು ಹೊರಗೇ ಮೈ ತೊಳೆದುಕೊಳ್ಳುತ್ತೇವೆ ಎಂದು ಹೇಳಲು ಅವಳಿಗೆ ಕನ್ನಡ ಸಾಲಲಿಲ್ಲ. ಮಾವಶಿ ಕರುಣೆಯಿಂದ ಅವಳ ತಲೆ ಸವರಿದಳು. "ಒಂದೇ ನೀರಾಗ ಮನಿಮಂದೆಲ್ಲ! ಹಂಗಾದ್ರ ನಿಮ್ಮಲ್ಲಿ ನಮಗಿಂತ ಕೆಟ್ಟ ಬರಗಾಲ ಅದ ಅನ್ನವ್ವ." ಅಂದಿನಿಂದ ತನ್ನ ಪಾಲಿನ ಬಕೀಟಿನಿಂದ ಒಂದು ತಂಬಿಗೆ ನೀರು ದಿನಾ ಹಾರಕ್ಕನಿಗೆ ಎತ್ತಿಟ್ಟಳು. ಆಕೆ ಬೇಡವೆಂದರೂ ಕೇಳಲಿಲ್ಲ.

ನಾನು ಹೇಳಹೊರಟದ್ದು ಕೊನೆಯ ವಾರಗಳ ಕಥೆ, ಇಷ್ಟು ಹೊತ್ತು ಬಾಗಿಲಲ್ಲೇ ನಿಲ್ಲಿಸಿದೆ. ಹೋಳಿ ಹುಣ್ಣಿಮೆ ಕಳೆಯಿತು. ಯುಗಾದಿ ಆದ ಮೇಲೆ ಹಾರಕ್ಕ ಹೊರಡುವುದೆಂದು ಗೊತ್ತಾಯಿತು. ಗೊತ್ತಾದದ್ದೇ ತಡ, ಜಿಲ್ಲೆಯ ನಮ್ಮ ಬಳಗವೆಲ್ಲ ಜಾಗೃತವಾಯಿತು. ಔರಾದಿನ ಸೋದರತ್ತೆ ಊಟಕ್ಕೆ ಕರೆದಳು. ಔರಾದಿಗೆ ಹೋಗಿ ಕಮಲನಗರಕ್ಕೆ ಬರದಿದ್ದರೆ ಸಂಬಂಧ ಕಡಿದಂತೆ ಎಂದು ಅಲ್ಲಿಯವರು ಕರೆದರು. ಔರಾದಿನಲ್ಲಿ ಹೋಳಿಗೆ, ಕಮಲನಗರದಲ್ಲಿ ಪೂರಣ ಪೋಳಿ. ಎರಡೂ ಒಂದೇ ಎಂದು ಹಾರಕ್ಕ ಹೇಳಿದಾಗ ಎರಡೂ ಮನೆಯವರಿಗೆ ಬೇಸರವಾಯಿತು. ಕಮಲನಗರದ ಅಜ್ಜಿ ಪೂರ್ತಿ ಮರಾಠಿಯಲ್ಲಿ ಮಾತಾಡಿದಳು. ಹಾರಕ್ಕ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ, "ನಾನು ಆರು ತಿಂಗಳು ಕಲ್ತ ಕನ್ನಡ ಒಮ್ಮಿಗೇ ಮರ್ತು ಹೋಯ್ತೇನೋ ಅಂತ ಅಂಜಿಕಿ ಬಂತ್ರಿ" ಎಂದಳು.

ಒಂದು ಕಡೆ ಹೀಗೆ ಬೀಳ್ಕೊಡುವ ಊಟಗಳು. ಇನ್ನೊಂದು ಕಡೆ ಬೀಳ್ಕೊಡುವವರೇ ಖಾಲಿಯಾಗುತ್ತಿದ್ದರು. ಹೊಲದಲ್ಲಿ ಕೆಲಸವಿಲ್ಲ, ಕೊಡದಲ್ಲಿ ನೀರಿಲ್ಲ. ನಮ್ಮ ಓಣಿಯಿಂದ ಇವತ್ತು ಈ ಮನೆ, ನಾಳೆ ಆ ಮನೆ, ಹೈದರಾಬಾದಿಗೆ, ಪುಣೆಗೆ, ಮುಂಬೈಗೆ. ಗಂಟುಮೂಟೆ ಬಸ್ಸಿನ ಮೇಲೆ, ಕೀಲಿಕೈ ಪಕ್ಕದ ಮನೆಯವರ ಕೈಗೆ. ಪಕ್ಕದ ಮನೆಯವರೂ ಹೊರಟರೆ ಎಲ್ಲ ಕೀಲಿಕೈಗಳೂ ನಮ್ಮವ್ವನ ಹತ್ತಿರ. ಅವ್ವನ ನಡುವಿನಲ್ಲಿ ಊರಿನ ಅರ್ಧ ಮನೆಗಳು ಗಲಗಲ ಅನ್ನುತ್ತಿದ್ದವು.

ನಮ್ಮಲ್ಲಿ ಬಸ್ಸಿಗೆ ಬಿಡಲು ಹೋದವರು ಬಸ್ಸು ಹೊರಟ ಕೂಡಲೇ ತಿರುಗಿ ಬರುತ್ತಾರೆ. ಕೆಲವರು ಕಂಡಕ್ಟರ್ ಸೀಟಿ ಹೊಡೆಯುವ ಮೊದಲೇ ಬರುತ್ತಾರೆ. ಹಾರಕ್ಕ ಹಾಗಲ್ಲ. ಮೊದಲ ಸಲ ಎದುರುಮನೆಯವರನ್ನು ಬಿಡಲು ನನ್ನ ಜೊತೆ ಬಂದವಳು ಬಸ್ಸು ಹೊರಟ ಮೇಲೂ ಎರಡೂ ಕೈ ಬೀಸುತ್ತ ನಿಂತಳು. ಬಸ್ಸು ಹಳ್ಳದ ಸೇತುವೆ ದಾಟಿತು, ಏರಿ ತಿರುಗಿತು, ಧೂಳು ಕೂಡ ನೆಲಕ್ಕಿಳಿಯಿತು. ಆಮೇಲೆ ಸೊಂಟ ಬಗ್ಗಿಸಿ ಖಾಲಿ ರಸ್ತೆಗೆ ನಮಸ್ಕಾರ ಮಾಡಿದಳು. ನಾನು ಬಿಸಿಲಲ್ಲಿ ಬೆಂದು ಹೋಗಿದ್ದೆ.

"ಬಸ್ ಹೋಗಿ ಆಗಲೇ ಎಷ್ಟೋ ಹೊತ್ತಾಯ್ತಲ್ಲ, ಯಾಕ ನಿಂತಿ?" ಅಂದೆ.

"ಅವರು ಹಿಂದ ತಿರುಗಿ ನೋಡಿದ್ರ ಯಾರರ ಕಾಣಬೇಕಲ್ರಿ?" ಅಂದಳು.

ಸುದ್ದಿ ಹಬ್ಬಿತು. ಹೊರಡುವವರು ನಮ್ಮ ಮನೆಗೆ ಬಂದು, "ಹಾರಕ್ಕಗ ಹೇಳ್ರಿ, ನಾಳಿ ಮುಂಜಾನಿ ಬಸ್ಸಿಗಿ ಹೊಂಟೇವಿ" ಅಂತ ತಿಳಿಸಿ ಹೋಗತೊಡಗಿದರು. ಅವಳು ಕೈ ಬೀಸಿದರೆ ಹೋದಲ್ಲಿ ಕೆಲಸ ಬೇಗ ಸಿಗುತ್ತದೆ ಅಂತ ಯಾರೋ ಸೇರಿಸಿದರು. ಮುದುಕರೊಬ್ಬರು ಅವಳು ಬಗ್ಗಿದಾಗ ತಾವೂ ಬಗ್ಗಿ, ಅವಳು ಮತ್ತೆ ಬಗ್ಗಿದಾಗ ತಾವು ಮತ್ತೆ ಬಗ್ಗಿ, ಮರ್ಯಾದೆಯಲ್ಲಿ ಸೋಲಬಾರದೆಂದು ಹಟ ಹಿಡಿದು ಬಸ್ಸನ್ನೇ ತಪ್ಪಿಸಿಕೊಂಡರು. ಮರುದಿನ ಮಗನೇ ಅವರನ್ನು ರಟ್ಟೆ ಹಿಡಿದು ಹತ್ತಿಸಿದ. ನಮ್ಮ ಊರಿಗೆ ಕಲಿಯಲು ಬಂದವಳು ನಮಗೆ ಕೈ ಬೀಸಿ ಕಳಿಸುವುದನ್ನು ಕಲಿಸುತ್ತಿದ್ದಳು.

ಇಷ್ಟೆಲ್ಲದರ ನಡುವೆ ಮಾವಶಿಯ ಘೋಷಣೆ ಒಂದೇ. "ಯಾರರ ಹೋಗ್ಲಿ ಯಾರರ ಬಿಡ್ಲಿ, ಹಾರಕ್ಕಗ ವಿಮಾನಕ್ಕ ಹತ್ಸಾಕಿ ನಾನೇ. ವಿಮಾನದ ಬಾಗಲಾ ಹಾಕಿ ಬರ್ತೇನಿ."

ಯುಗಾದಿಯ ಹಿಂದಿನ ವಾರ ನಾನೂ ಹಾರಕ್ಕನೂ ಬೀದರದ ಕಾಲೇಜಿನ ಕೆಲಸಕ್ಕೆ ಹೋಗಿ ಸಂಜೆ ಬಂದೆವು. ಮಾವಶಿಯ ಮನೆಗೆ ಬೀಗ. ಅವ್ವ ನನ್ನ ಮುಖ ನೋಡದೆ ಹೇಳಿದಳು: "ಸಂತಪುರಕ್ಕ ಹೋಗ್ಯಾರ. ಮದುವಿ ಅದ."

ಹಾರಕ್ಕ ಮಾವಶಿಯ ಅಂಗಳಕ್ಕೆ ಹೋದಳು. ಹೊರಗಿನ ಒಲೆಯ ಹತ್ತಿರ ಬಗ್ಗಿ ನೋಡಿದಳು. ತಿರುಗಿ ಬಂದು ಅವ್ವನ ಮುಂದೆ ನಿಂತಳು.

"ಮದುವಿಗಿ ರೊಟ್ಟಿ ಹಂಚು ಯಾಕ ಒಯ್ದಾರ್ರಿ?"

ಅವ್ವನಿಗೆ ಸುಳ್ಳು ಹೇಳುವ ವಿದ್ಯೆ ಒಂದು ವಾಕ್ಯಕ್ಕಿಂತ ಮುಂದೆ ಬರುವುದಿಲ್ಲ. ಸೆರಗು ಬಾಯಿಗೆ ಹಿಡಿದು ಎಲ್ಲ ಹೇಳಿಬಿಟ್ಟಳು. ಹೈದರಾಬಾದಿನಲ್ಲಿ ಬಿಲ್ಡಿಂಗ್ ಕೆಲಸ; ಕಾಕಾನ ಪರಿಚಯದ ಮೇಸ್ತ್ರಿ ಇವತ್ತೇ ಗಾಡಿ ಕಳಿಸಿದ್ದ. "ಆಕಿ ಮುಂದ ಹೋಗ್ಲಾಕ ನನ್ನ ಕಡೆ ಆಗಲ್ಲ ಅಕ್ಕಾ. ಆಕಿ ಕೈ ಬೀಸ್ಕೋತ ನಿಂತ್ರ ನಾ ಗಾಡಿಯಿಂದ ಇಳಿದುಬಿಡ್ತೇನಿ" ಅಂದಿದ್ದಳಂತೆ ಮಾವಶಿ.

ಹಾರಕ್ಕ ಅಳಲಿಲ್ಲ. ಹೊಸ್ತಿಲ ಮೇಲೆ ಕೂತಳು. "ಹೇಳದೇ ಹ್ವಾದಳು" ಎಂದಳು. ಆಕಳಿಗೂ ಹಚ್ಚುತ್ತಿದ್ದ 'ರಿ' ಅದರಲ್ಲಿರಲಿಲ್ಲ. ಅವಳಿಗೆ ಎಷ್ಟು ನೋವಾಗಿದೆ ಅಂತ ನನಗೆ ಗೊತ್ತಾದದ್ದು ಅದರಿಂದಲೇ. ರಾತ್ರಿ ಊಟ ಮಾಡಲಿಲ್ಲ. ಮರುದಿನದಿಂದ ಮಾಡಿದಳು, ಆದರೆ ಅನ್ನ ಮಾತ್ರ. ಅವ್ವ ರೊಟ್ಟಿ ಹಾಕಿದರೆ ಮೆಲ್ಲಗೆ ತಟ್ಟೆ ಸರಿಸುತ್ತಿದ್ದಳು. ನಾನು ನಗಿಸಲು ಏನೇನೋ ಪ್ರಯತ್ನ ಮಾಡಿದೆ. ಆಕಳನ್ನು ಅಂಗಳಕ್ಕೆ ಬಿಟ್ಟು, "ಹೋಗ್ರಿ" ಎಂದು ನಾನೇ ಅಂದು ನೋಡಿದೆ. ಆಕಳು ನನ್ನ ಸೀರೆಯನ್ನು ಮೂಸಿತೇ ಹೊರತು ಹಾರಕ್ಕ ನಗಲಿಲ್ಲ.

ಹೊರಡುವ ದಿನ ಅಪ್ಪ ಹೈದರಾಬಾದಿನ ಏರ್‌ಪೋರ್ಟಿಗೆ ಒಂದು ಕ್ರೂಸರ್ ಗಾಡಿ ಗೊತ್ತು ಮಾಡಿದರು. ಅಪ್ಪ, ಅವ್ವ, ನಾನು, ಹಾರಕ್ಕ. ಔರಾದಿನ ಸೋದರತ್ತೆಯೂ ಹಿಂದಿನ ಸಂಜೆಯೇ ಬಂದು ಕೂತಿದ್ದಳು. ಅವಳಿಗೆ ಏರ್‌ಪೋರ್ಟ್ ನೋಡಬೇಕಿತ್ತು. ಬೆಳಗ್ಗೆ ಬಸ್ ಸ್ಟ್ಯಾಂಡ್ ದಾಟುವಾಗ ಹಾರಕ್ಕನಿಗೆ ಕೈ ಬೀಸಲು ಓಣಿಯವರು ಯಾರೂ ಇರಲಿಲ್ಲ. ಚಹಾದಂಗಡಿಯವನೊಬ್ಬ ಗ್ಲಾಸು ತೊಳೆಯುತ್ತಿದ್ದವನು ಅದೇ ಒದ್ದೆ ಕೈ ಎತ್ತಿದ. ಅವಳು ಹಿಂದಿನ ಗಾಜಿಗೆ ತಿರುಗಿ ಕೂತು ನೋಡುತ್ತಲೇ ಇದ್ದಳು.

ಬೀದರ ದಾಟಿ ಜಹೀರಾಬಾದ್ ಹತ್ತಿರವಾಗುವಾಗ ಅಪ್ಪ ಯಾರ ಕಡೆಗೂ ನೋಡದೆ ಫೋನ್ ತೆಗೆದು ಕಾಕಾನಿಗೆ ಹಚ್ಚಿದರು. "ಎಲ್ಲಿದ್ದೀರಿ? ಬಿಲ್ಡಿಂಗ್ ಎಲ್ಲದ?" ಆ ಕಡೆಯಿಂದ ಕಾಕಾನ ದನಿ ಗಾಡಿಯವರಿಗೆಲ್ಲ ಕೇಳಿತು. "ಹೇಳಬ್ಯಾಡ ಅಂದಾಳ್ರಿ ಮಾಸ್ತರ." ಅಪ್ಪ, "ಹಂಗಾದ್ರ ಹೇಳಬ್ಯಾಡ್ರಿ, ನಮ್ಮ ಡ್ರೈವರನ ಕಡಿ ಕೊಡ್ತೇನಿ, ಅವಗ ಹೇಳ್ರಿ" ಎಂದು ಫೋನನ್ನು ಡ್ರೈವರನ ಕಿವಿಗೆ ಹಿಡಿದರು. ಗಣಿತದ ಮಾಸ್ತರ, ಕೂಡಿಸುವ ಲೆಕ್ಕದ ದಶಕವನ್ನು ಎಲ್ಲಿ ಕೈಲಿ ಹಿಡಿದು ಎಲ್ಲಿ ಬಿಡಬೇಕೆಂದು ಬಲ್ಲರು.

ಊರ ಹೊರಗಿನ ದೊಡ್ಡ ಬಿಲ್ಡಿಂಗ್. ಇನ್ನೂ ಗೋಡೆಗಳಿಲ್ಲ, ಬರೀ ಕಂಬಗಳ ಮೇಲೆ ಕಂಬ. ಗಾಡಿ ನಿಂತಾಗ ಮಾವಶಿ ತಲೆಗೆ ಹಳದಿ ಹೆಲ್ಮೆಟ್ ಹಾಕಿಕೊಂಡು, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಮರಳಿನ ಬುಟ್ಟಿ ಹೊತ್ತು ನಡೆದಿದ್ದಳು. ನಮ್ಮನ್ನು ನೋಡಿದಳು. ನೋಡಿದವಳೇ ಬುಟ್ಟಿ ಇಳಿಸಿ ಸಿಮೆಂಟ್ ಚೀಲಗಳ ಹಿಂದೆ ಹೋಗಿ ಕೂತುಬಿಟ್ಟಳು. ಹಳದಿ ಹೆಲ್ಮೆಟ್ ಮಾತ್ರ ಮೇಲೆ ಕಾಣುತ್ತಿತ್ತು.

ಅವ್ವ ಇಳಿಯಲಿಲ್ಲ. ನಾನೂ ಇಳಿಯಲಿಲ್ಲ. ಹಾರಕ್ಕ ಇಳಿದು ಚೀಲಗಳ ಹತ್ತಿರ ಹೋದಳು. ಬೈಯುತ್ತಾಳೋ, ಅಳುತ್ತಾಳೋ ಅಂತ ನೋಡುತ್ತ ಕೂತಿದ್ದೆ. ಅವಳು ಹೆಲ್ಮೆಟ್ಟಿನ ಕಡೆ ಬಗ್ಗಿ ಕೇಳಿದಳು:

"ಮದುವಿ ಹ್ಯಾಂಗಾಯ್ತ್ರಿ ಮಾವಶಿ?"

ಮಾವಶಿ ಎದ್ದು ನಿಂತಳು. ಮುಖದ ತುಂಬ ಸಿಮೆಂಟಿನ ಬೂದಿ, ಅದರಲ್ಲಿ ಕಣ್ಣೀರಿನ ಎರಡು ಕಾಲುವೆ.

"ಮಸ್ತ್ ಆಯ್ತವ್ವ," ಎಂದಳು. "ಊಟ ಇನ್ನಾ ಉಳದದ. ಬಾ."

ತಗಡಿನ ಶೆಡ್ಡಿನ ಮುಂದೆ ಮೂರು ಇಟ್ಟಿಗೆಯ ಒಲೆ. ಅದರ ಮೇಲೆ ಅದೇ ಹಂಚು. ಮಾವಶಿ ಕೈ ತೊಳೆದು ಹಿಟ್ಟು ನಾದಿದಳು. ಹಾರಕ್ಕ ತಾನೇ ಬಡಿಯುತ್ತೇನೆಂದು ಕೂತಳು. ರೊಟ್ಟಿ ಹರಿಯಲಿಲ್ಲ, ತುಸು ಸೊಟ್ಟಗಾದರೂ ಇಡಿಯಾಗಿ ಹಂಚಿನ ಮೇಲೆ ಬಿತ್ತು. "ನಿನ್ನ ದೇಶ ಒಂದಾಯ್ತು ನೋಡು" ಎಂದಳು ಮಾವಶಿ. ಆ ಒಂದೇ ರೊಟ್ಟಿಯನ್ನು ನಾವೆಲ್ಲ ಹರಿದುಕೊಂಡು ಖಾರದ ಪುಡಿ, ಎಣ್ಣೆಯಲ್ಲಿ ತಿಂದೆವು. ಅಂಥ ರುಚಿಯ ರೊಟ್ಟಿ ತಿಂದಿಲ್ಲ ಎಂದು ಹೇಳಿದರೆ ಸುಳ್ಳಾದೀತು, ಹಿಟ್ಟಿನಲ್ಲಿ ಸ್ವಲ್ಪ ಮರಳಿತ್ತು. ಆದರೆ ಯಾರೂ ಉಗುಳಲಿಲ್ಲ, ಸೋದರತ್ತೆ ಕೂಡ.

ಮೇಲುಸ್ತುವಾರಿಯವನು ತೆಲುಗಿನಲ್ಲಿ ಕೂಗಾಡತೊಡಗಿದ. ಕಾಕಾ ಅವನನ್ನು ಸಮಾಧಾನ ಮಾಡಲು ಹೋದ. ಮಾವಶಿ ಹಾರಕ್ಕನ ಕೆನ್ನೆ ಎರಡೂ ಕೈಯಲ್ಲಿ ಹಿಡಿದಳು. ಕೆನ್ನೆಗೂ ಸಿಮೆಂಟ್ ಹತ್ತಿತು. "ನಿನಗ ಹೇಳದೇ ಬಂದೆ. ಸಿಟ್ಟು ಮಾಡ್ಕೋಬ್ಯಾಡ."

"ಮಾಡ್ಕೊಂಡಿದ್ದೆ ರಿ. ಈಗ ಇಲ್ರಿ."

"ನಿಮ್ಮವ್ವಗ ಹೇಳು, ಒಂದೇ ನೀರಾಗ ಎಲ್ಲಾರೂ ಕೂಡಬ್ಯಾಡ್ರಿ ಅಂತ."

ಹಾರಕ್ಕ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. ಗಾಡಿ ಹೊರಟಿತು. ನಾನು ಹಿಂದಿನ ಗಾಜಿನಿಂದ ನೋಡಿದೆ. ಮಾವಶಿ ರಸ್ತೆಯ ನಡುವೆ ಬಂದು ನಿಂತಿದ್ದಳು. ಎರಡೂ ಕೈ ಬೀಸುತ್ತಿದ್ದಳು. ಲಾರಿಯೊಂದು ಹಾರ್ನ್ ಹೊಡೆದು ಬಳಸಿಕೊಂಡು ಹೋಯಿತು. ಅವಳು ಕದಲಲಿಲ್ಲ. ತಿರುವು ಬರುವ ಮೊದಲು, ಕೊನೆಗೆ ಕಂಡದ್ದು, ಹಳದಿ ಹೆಲ್ಮೆಟ್ ಮುಂದಕ್ಕೆ ಬಗ್ಗಿದ್ದು. ನಮ್ಮ ಮಾವಶಿ ಜೀವಮಾನದಲ್ಲಿ ಯಾರಿಗೂ ಹಾಗೆ ಬಗ್ಗಿದವಳಲ್ಲ.

ಏರ್‌ಪೋರ್ಟಿನಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ನಮ್ಮನ್ನು ಗಾಜಿನ ಬಾಗಿಲಾಚೆ ಬಿಡಲಿಲ್ಲ. ಸೋದರತ್ತೆ, "ಇಷ್ಟೇ ಏನು? ವಿಮಾನ ಎಲ್ಲವ?" ಎಂದು ಬಂದೂಕಿನವನನ್ನೇ ಕೇಳಿದಳು. ಹಾರಕ್ಕ ಒಳಗೆ ಹೋಗುತ್ತ ಹಿಂದೆ ತಿರುಗಿದಳು. ನಾವು ನಾಲ್ವರೂ ಇದ್ದೆವು. ಕೆನ್ನೆಯ ಸಿಮೆಂಟ್ ಒರೆಸಿಕೊಂಡಿರಲಿಲ್ಲ ಅವಳು.

ಮುಂದಿನ ವರ್ಷ ಮಳೆ ಆಯಿತು. ಅವ್ವನ ಸೊಂಟದ ಕೀಲಿಕೈಗಳು ಒಂದೊಂದಾಗಿ ಇಳಿದವು, ಎಲ್ಲವೂ ಅಲ್ಲ. ಮಾವಶಿ ಮರಳಲಿಲ್ಲ. ಬಿಲ್ಡಿಂಗ್ ಮುಗಿದ ಮೇಲೆ ಹತ್ತಿರದಲ್ಲೇ ಒಂದು ಕೋಣೆ ಹಿಡಿದು ರೊಟ್ಟಿ ಮಾಡಿ ಮಾರತೊಡಗಿದಳು. ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಮಂದಿಯೆಲ್ಲ ಅವಳ ಗಿರಾಕಿಗಳು. ಹಾರಕ್ಕ ಈಗ ತನ್ನ ಊರಲ್ಲಿ ಸಾಲಿಯ ಟೀಚರು; ಆಗಾಗ ಫೋನಿನಲ್ಲಿ ಮುಖ ತೋರಿಸುತ್ತಾಳೆ. ನನಗೆ ಬೀದರದಲ್ಲಿ ನೌಕರಿ, ಮನೆ. ಅವ್ವ, ಅಪ್ಪ ನನ್ನ ಜೊತೆಗೇ ಇದ್ದಾರೆ. ಏರ್‌ಪೋರ್ಟಿಗೆ ಯಾರನ್ನಾದರೂ ಬಿಡಲು ಹೋದಾಗ ಹಾದಿಯಲ್ಲಿ ಮಾವಶಿಯ ಬಾಗಿಲಲ್ಲಿ ಗಾಡಿ ನಿಲ್ಲಿಸುತ್ತೇನೆ. ಇಂಜಿನ್ ಬಂದ್ ಮಾಡದೆ ಮಾತಾಡುತ್ತೇನೆ, ರೊಟ್ಟಿ ಕಟ್ಟಿಸಿಕೊಂಡು ಹೊರಡುತ್ತೇನೆ. ವರ್ಷಗಳಿಂದ ಹೀಗೇ ನಡೆದಿದೆ ಎಂಬುದು ಅಡುಗೆಮನೆಯ ನೆಲದ ಮೇಲೆ ಕೂತಾಗ ಹೊಳೆಯಿತು.

ಹಲಗೆ ಅರ್ಧ ಒರೆಸಿದ್ದು ಹಾಗೇ ಉಳಿಯಿತು. ಮರುದಿನ ರವಿವಾರ. ಮುಂಜಾನೆಯ ಬಸ್ಸು ಹಿಡಿದೆ, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಮಾವಶಿ ಬಾಗಿಲಲ್ಲೇ ಕೂತು ಹಿಟ್ಟು ಸಾಣಿಸುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿದೆ; ಹಿಟ್ಟೋ ವಯಸ್ಸೋ ಹೇಳಲಾಗುವುದಿಲ್ಲ. ನನ್ನನ್ನು ನೋಡಿ, ನನ್ನ ಹಿಂದೆ ರಸ್ತೆಯ ತನಕ ಕಣ್ಣು ಹಾಯಿಸಿದಳು. ಗಾಡಿ ಇಲ್ಲ, ಪೆಟ್ಟಿಗೆ ಇಲ್ಲ.

"ಯಾರಿಗಿ ಬಿಡ್ಲಾಕ ಬಂದಿ?" ಎಂದಳು.

"ಯಾರಿಗೂ ಇಲ್ಲ ಮಾವಶಿ. ನಿನ್ನ ಮನಿಗೇ ಬಂದೀನಿ."

ಮಾವಶಿ ಸಾಣಿಗೆ ಕೆಳಗಿಟ್ಟಳು. ಒಳಗೆ ತಿರುಗಿ ಕಾಕಾನನ್ನು ಕೂಗಿದಳು:

"ಚಾಪಿ ಹಾಸ್ರಿ. ನಮ್ಮ ಮನಿಗಿ ಮಂದಿ ಬಂದಾರ."